ಗಾಳಿಯ ಮೇಲೆ ಮೂರು ನಿಮಿಷ

"ಇನ್ನೊಂದ್ಸಲ ಹೇಳು. ಗಾಳಿ ಬಂದಾಗ..."

"ಗಾಲಿ ಬಂದಾಗ ತೂರಿಕೋ," ಎಂದಳು ಹಿಂದಿನ ಸೀಟಿನಿಂದ ನಿಕಿತಾ.

"ಗಾಲಿ ಕಾರಿಗಿರತ್ತೆ. ಇದು ಗಾಳಿ ಕಣೇ, ಗಾಳಿ!"

ಮನೆಯಿದ್ದ ಮುಕಿಲ್ಟಿಯೊ ಬಿಟ್ಟಾಗಿನಿಂದ ಮಧುರಾ ಕಾರು ಓಡಿಸುತ್ತಲೇ ಮಗಳಿಂದ ಇದನ್ನೇ ಉರು ಹೊಡೆಸುತ್ತಿದ್ದಳು. ಬಾಥೆಲ್ ಊರಿನಲ್ಲಿ ಅಂದು ಅನಿವಾಸಿಗಳ ಕನ್ನಡ ಸಂಘದ ಮಕ್ಕಳಿಗೆ ಮೂರು ನಿಮಿಷದ ಭಾಷಣ ಸ್ಪರ್ಧೆ. ಹಿಂದಿನ ವಾರ ವಿಷಯದ ಚೀಟಿ ಎತ್ತಿದಾಗ ನಿಕಿತಾಳಿಗೆ ಬಂದ ಪದ 'ಗಾಳಿ'. ಭಾಷಣ ಬರೆದವಳು ಮಧುರಾಳೇ. ಬೀಸುವ ಗಾಳಿಯಿಂದ ಶುರುಮಾಡಿ ಗಾಳಿಮಾತು, ಗಾಳಿಗೋಪುರ, ಗಾದೆ ಎಲ್ಲ ತುರುಕಿ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಟ್ಟಿದ್ದಳು. ಅಲ್ಲಿ ಎಲ್ಲ ಅಮ್ಮಂದಿರೂ ಮಾಡುವುದು ಅದನ್ನೇ. ಬಹುಮಾನ ಮಾತ್ರ ಮಕ್ಕಳಿಗೆ.

ಬಹುಮಾನ ಹಾಳಾಗಲಿ. ಒಂಬತ್ತು ತುಂಬಿದರೂ ಈ ಹುಡುಗಿ ತಾನಾಗಿ ಒಂದು ಪೂರ್ತಿ ಕನ್ನಡ ವಾಕ್ಯ ಆಡಿದವಳಲ್ಲ. ಊಟ ಆಯ್ತಾ ಎಂದರೆ 'ಯಾ'. ಉರು ಹೊಡೆದಾದರೂ ನಾಲಿಗೆ ಹೊರಳಲಿ ಎಂದು ಮಧುರಾ ಹಟ ಹಿಡಿದಿದ್ದಳು.

"ಅಮ್ಮ, ತೂರಿಕೋ ಮೀನ್ಸ್ ವಾಟ್?"

"ಚಾನ್ಸ್ ಸಿಕ್ಕಾಗ ಬಿಡಬಾರದು ಅಂತ."

"ನೋ, ರಿಯಲ್ ಮೀನಿಂಗ್."

"ಅದು... ರೈತರು ಭತ್ತಾನ ಗಾಳೀಲಿ ಎಸೀತಾರೆ."

"ವೈ? ವೋಂಟ್ ಇಟ್ ಫ್ಲೈ ಅವೇ?"

ಮೈಸೂರಿನ ಮಧುರಾಳ ತವರುಮನೆಗೆ ಅಕ್ಕಿ ಬರುತ್ತಿದ್ದುದು ಅಂಗಡಿಯಿಂದ. ಹಾರಿಹೋಗುವುದೇನು, ಉಳಿಯುವುದೇನು, ಅವಳು ಕಂಡವಳೇ ಅಲ್ಲ. ಹೊರಗೆ ಗಾಳಿ ಕಾರನ್ನೇ ಪಕ್ಕದ ಲೇನಿಗೆ ನೂಕುತ್ತಿತ್ತು. ತನ್ನ ಮೇಲೆ ಬಂದ ಸಿಟ್ಟನ್ನು ಮಗಳ ಮೇಲೆ ತೀರಿಸಿಕೊಂಡಳು.

"ಗೊತ್ತಿಲ್ಲ ನಂಗೆ! ಬರೆದಿರೋದನ್ನ ಹೇಳು, ಸಾಕು."

ವೇದಿಕೆಯ ಮೇಲೆ ನಿಕಿತಾ ಗಾಳಿಮಾತು ದಾಟಿದಳು, ಗಾಳಿಗೋಪುರವನ್ನೂ ದಾಟಿದಳು. ಮುಂದಿನ ಸಾಲಿನಲ್ಲಿ ಕೂತು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದ ಮಧುರಾಳಿಗೆ ಹೋದ ಜೀವ ಬಂದಂತಾಯಿತು. ಗಾದೆ ಹೇಳಿದ ಮೇಲೆ ಮಾತ್ರ ಹುಡುಗಿ ನಿಂತುಬಿಟ್ಟಳು. ಸಾಲು ಮರೆತಳೆಂದು ಮಧುರಾ ತುಟಿ ಆಡಿಸಿ ತೋರಿಸಿದಳು. ನಿಕಿತಾ ಅತ್ತ ನೋಡಲೇ ಇಲ್ಲ. ಮೈಕನ್ನು ಹತ್ತಿರ ಎಳೆದುಕೊಂಡಳು.

"ತೂರಿಕೋ ಅಂದ್ರೆ ಏನು?" ಅಮ್ಮ ಬರೆದುಕೊಡದ ಒಂದೊಂದೇ ಪದ ಹುಡುಕಿ ಹುಡುಕಿ ಸಭೆಯನ್ನು ಕೇಳಿದಳು. "ನನ್ನ ಅಮ್ಮಂಗೆ ಗೊತ್ತಿಲ್ಲ. ನಿಮ್ಗೆ ಗೊತ್ತಾ?"

ಹಾಲ್ ಗೊಳ್ಳೆಂದು ನಕ್ಕಿತು. ಮಧುರಾಳ ಮುಖ ಕೆಂಪಾಯಿತು. ನಗು ಇಳಿದ ಮೇಲೆ ರೇಷ್ಮೆ ಸೀರೆಯವರು, ಜುಬ್ಬಾದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಕೈ ಎತ್ತಲಿಲ್ಲ. ನಿಕಿತಾ ಉತ್ತರಕ್ಕಾಗಿ ಕಾಯುತ್ತ ನಿಂತಿದ್ದಳು.

ಮಧುರಾ ರೆಕಾರ್ಡಿಂಗ್ ನಿಲ್ಲಿಸಲಿಲ್ಲ.