ನಡುವೆ ಬಿಟ್ಟ ಬಿಳಿ

ದಾಟು ದಾಟು, ನೊಣರಾಯ, ಎಡಬಲ ನೋಡಬೇಕಾಗಿಲ್ಲ, ಈ ರಸ್ತೆಯಲ್ಲಿ ಗಾಡಿಯೇ ಇಲ್ಲ — ಕನ್ನಡಕದ ಅಂಗಡಿಯಿಂದ ಹೊರಟು ಬೀಗದ ಅಂಗಡಿಯ ಬೋರ್ಡಿನವರೆಗೆ ನಡೆದೇ ಬಂತು, ಅಯ್ಯೋ ಅಲ್ಲಿ ಬೇಡ, ಅಲ್ಲಿ ಬಣ್ಣ ಇನ್ನೂ ಹಸಿ, ಕಾಲು ಅಂಟಿತು, ಅಂಟಲಿ, ಇಡೀ ಊರೇ ಇದ್ದಲ್ಲಿಗೆ ಅಂಟಿಕೊಂಡಿರುವಾಗ ನಿನ್ನದೇನು ವಿಶೇಷ. ನಾಳೆ ಹನ್ನೊಂದಕ್ಕೆ ಬಿಡ್ತಾರಂತೆ ರೀ, ಆಸ್ಪತ್ರೆ ವ್ಯಾನಲ್ಲೇ ಕಳಿಸ್ತಾರಂತೆ — ನಿನ್ನೆ ಫೋನಿನಲ್ಲಿ ನನ್ನವಳ ದನಿ, ಪೂರ್ತಿ ದನಿಯಲ್ಲ, ದನಿಯ ಚಿಲ್ಲರೆ. ಇಪ್ಪತ್ತಮೂರು ದಿನವಾಯಿತು ಹೋಗಿ, ಲಾಕ್‌ಡೌನಿಗೆ ಬಸ್ಸುಗಳೆಲ್ಲ ನಿಂತ ಮೇಲೂ ನರ್ಸುಗಳನ್ನು ಕರೆತರುವ ಬಸ್ಸಿಗೆ ಕಂಡಕ್ಟರ್ ಬೇಕು ಅಂದರೆ ಎಲ್ಲರಿಗಿಂತ ಮುಂಚೆ ಕೈಯೆತ್ತಿದವಳು, ನರ್ಸುಗಳು ಇಳಿದರು, ಇವಳು ಜ್ವರ ಹತ್ತಿಸಿಕೊಂಡು ಆಸ್ಪತ್ರೆಯಲ್ಲೇ ಉಳಿದಳು. ಬಂದ ಮೇಲೂ ಏಳು ದಿನ ಈ ಒಳಕೋಣೆಯಲ್ಲಿ ಒಬ್ಬಳೇ, ನಾನು ಹೊಸಿಲು ದಾಟಬಾರದು, ಡಾಕ್ಟರಮ್ಮನ ಅಪ್ಪಣೆ. ಆಗಲಿ ತಾಯಿ, ಆದರೆ ಈ ಕೋಣೆಯ ಕಿಟಕಿ ತೆರೆದರೆ ಒಂದು ಮೊಳದಾಚೆ ಪಕ್ಕದ ಮನೆಯ ಗೋಡೆ, ಮೂತಿ ಚಾಚಿದರೆ ಸುಣ್ಣ ಹತ್ತುತ್ತದೆ, ಹದಿನಾಲ್ಕು ವರ್ಷ ದಿನಕ್ಕೆ ಆರು ಸಲ ಊರು ಅಳೆದವಳು, ರಜಾದಿನ ಕುರ್ಚಿಯಲ್ಲಿ ಕೂತರೂ ಕಾಲು ತಾನಾಗಿ ನೆಲ ಬಡಿಯುತ್ತಿದ್ದವಳು, ಅವಳಿಗೆ ಬೋಳುಗೋಡೆಯೇ? ಅದಕ್ಕೇ ಬರೆದೆ, ಗೋಡೆಯ ಈ ಮೂಲೆಯಿಂದ ಆ ಮೂಲೆಗೆ ಅವಳ ಹನ್ನೆರಡನೇ ನಂಬರಿನ ಬೀದಿ. ನಮ್ಮದು ಒಳ್ಳೆಯ ಜೋಡಿ, ನಾನು ಫೋಟೊ ಸ್ಟುಡಿಯೋದ ಒಳಗೆ ಕೂತು ಪರದೆಯ ಮೇಲೆ ಹೊರಗನ್ನು ಬರೆಯುವವನು, ಅವಳು ಹೊರಗೆ ತಿರುಗುತ್ತ ಒಳಗೆ ಹೋಗ್ರೀ, ಒಳಗೆ ಜಾಗ ಇದೆ ಎಂದು ಕೂಗುವವಳು. ಸಮುದ್ರ ಕಾಣದೆ ಇಪ್ಪತ್ತು ಸಮುದ್ರ ಬರೆದಿದ್ದೇನೆ, ಒಂದರಲ್ಲೂ ಯಾರೂ ಮುಳುಗಿಲ್ಲ, ಹಾಗೇ ಬೀದಿಯನ್ನೂ ಬರೆಯಲು ಹೊರಟೆ, ಸಿಕ್ಕಿಬಿದ್ದೆ. ಬೀಗದ ಅಂಗಡಿಗೂ ಕನ್ನಡಕದ ಅಂಗಡಿಗೂ ಮಧ್ಯೆ ಒಂದು ಗಲ್ಲಿ ಇದೆ ರೀ, ಗಲ್ಲಿಗೆ ಗಲ್ಲೀನೇ ನುಂಗಿಬಿಟ್ರಲ್ಲ! ವಾರ್ಡಿನಲ್ಲಿ ಮಲಗಿ ಕಣ್ಣು ಮುಚ್ಚಿ ಫೋನಿನಲ್ಲಿ ಒಂದೊಂದೇ ಹೇಳುತ್ತಿದ್ದಳು, ಬೀಗ, ಆಮೇಲೆ ಗಲ್ಲಿ, ಕನ್ನಡಕ, ಆಮೇಲೆ ಸೈಕಲ್ ರಿಪೇರಿ, ಅಲ್ಲಿ ಬೆಂಚಿನ ಕೆಳಗೆ ಒಂದು ಕಂದು ನಾಯಿ, ಅದನ್ನ ಮರೀಬೇಡಿ, ಅದಕ್ಕೆ ಬೇಜಾರಾಗತ್ತೆ — ಮೊದಲು ಹದಿನೆಂಟು ಸ್ಟಾಪನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ ಬಾಯಿ, ಈಗ ಅಂಗಡಿಗೂ ಅಂಗಡಿಗೂ ನಡುವೆ ನಿಂತು ಉಸಿರು ಎಳೆಯುತ್ತದೆ, ನಾನು ಈ ಕಡೆ ಬ್ರಷ್ ಹಿಡಿದು ಕಾಯುತ್ತೇನೆ, ಅವಳು ಎಷ್ಟು ಹೊತ್ತು ನಿಂತಳೋ ಅಷ್ಟು ಜಾಗ ಗೋಡೆಯಲ್ಲಿ ಖಾಲಿ ಬಿಟ್ಟೆ, ಬರೀ ಮಣ್ಣುಬಣ್ಣ, ಮುಳ್ಳುತಂತಿ, ಸೈಟು.

ಗಂಟೆ ಎಷ್ಟು, ಹತ್ತೂಮುಕ್ಕಾಲು, ಇನ್ನೂ ಹತ್ತೂಮುಕ್ಕಾಲು, ಈ ಗಡಿಯಾರಕ್ಕೂ ಜ್ವರ. ಆರನೆಯ ದಿನ ಮಾತೇ ಇರಲಿಲ್ಲ, ಮುಖಕ್ಕೆ ಆಕ್ಸಿಜನ್ನು, ನರ್ಸಮ್ಮ ಫೋನನ್ನು ಅವಳ ಕಿವಿಗೆ ಹಿಡಿದು ಎರಡೇ ನಿಮಿಷ ನೋಡಿ ಸಾರ್, ಏನಾದ್ರೂ ಒಳ್ಳೇದು ಹೇಳಿ ಅಂದಳು. ಒಳ್ಳೆಯದು ಅಂದರೇನು, ಊರಿನಲ್ಲಿ ಯಾರ ದನಿ ಬೇಕಾದರೂ ತೆಗೆಯುವ ನನ್ನ ಗಂಟಲಿಗೆ ನನ್ನ ದನಿ ಬರಲಿಲ್ಲ, ಬಸ್ಸಾದೆ, ಗೇರು ಬದಲಿಸುವ ಗರ್ರ್, ಬ್ರೇಕಿನ ಕಿರ್ರ್, ಡ್ರೈವರಣ್ಣನ ಆಕಳಿಕೆ, ದಿನಾ ಅದೇ ಬಸ್ಸು ಹತ್ತಿ ದಿನಾ ಅದೇ ಕೇಳುವ ಅಜ್ಜಿ, ಇದು ಮಾರ್ಕೆಟ್ಟಿಗೆ ಹೋಗತ್ತೇನಮ್ಮ, ನಿನ್ನೆ ಹೋಗಿತ್ತು ಅಜ್ಜಿ, ಇವತ್ತೂ ಹೋಗತ್ತೆ, ನೀವು ಮನಸ್ಸು ಬದಲಿಸಿದ್ರೂ ಅದು ಬದಲಿಸಲ್ಲ — ಆ ಕಡೆ ಬರೀ ಗಾಳಿ, ಗಾಳಿ, ಆಮೇಲೆ ಟಕ್ ಟಕ್, ಉಗುರಿನಿಂದ ಫೋನಿಗೆ ಎರಡು ಸಲ. ಕಂಡಕ್ಟರ್ ಬೆಲ್ಲು ಒಂದು ಸಲ ಬಾರಿಸಿದರೆ ಬಸ್ಸು ನಿಲ್ಲಬೇಕು, ಎರಡು ಬಾರಿಸಿದರೆ ಹೊರಡಬೇಕು. ಎರಡು, ಎರಡೇ, ನಾನು ಎಣಿಸಿದ್ದೇನೆ, ಹೊರಡು ಅಂದಳು. ಅವತ್ತೇ ರಾತ್ರಿಯಾಗುವುದರೊಳಗೆ ಗೋಡೆಗೆ ಆಕಾಶ ಬಳಿದು ಮುಗಿಸಿದೆ. ಆದರೆ ಈ ಕೈ, ಈ ಹಾಳು ಕೈ, ಬೀದಿ ಎಲ್ಲ ಬರೆದು ಹಿಂದಕ್ಕೆ ಸರಿದು ನೋಡಿದರೆ ನಟ್ಟನಡುವೆ ಆಳೆತ್ತರದ ಬಿಳಿ, ಬಸ್‌ಸ್ಟಾಪಿನ ಮುಂದೆಯೇ, ಸುಣ್ಣ ಹಾಗೇ ಹಲ್ಲುಕಿರಿಯುತ್ತಿದೆ. ಯಜಮಾನರು ತಲೆಗೆ ಮೊಟಕಿ ಕಲಿಸಿದ ಪಾಠ, ಸ್ಟುಡಿಯೋದಲ್ಲಿ ಮೂವತ್ತು ವರ್ಷ, ನಡುವೆ ಬರೀಬೇಡ ಕಣೋ, ನಡುವೆ ಗಿರಾಕಿ ನಿಲ್ತಾನೆ, ಅವನ ತಲೆ ಮೇಲೆ ತೆಂಗಿನಮರ ಹುಟ್ಟಿದ್ರೆ ನನ್ನ ತಲೆ ಮೇಲೆ ಕಾಯಿ ಒಡೀತಾನೆ! ಇಲ್ಲಿ ಯಾವ ಗಿರಾಕಿ, ಇದು ಮನೆ, ಮುಚ್ಚಿಬಿಡೋಣ ಎಂದು ಬ್ರಷ್ ಅದ್ದಿದವನು ಅದ್ದಿದ ಹಾಗೇ ನಿಂತೆ, ಬಾಗಿಲ ಹಿಂದಿನ ಮೊಳೆಯಲ್ಲಿ ಅವಳ ಯೂನಿಫಾರ್ಮು, ತೆಗೆದು ಗೋಡೆಗೆ ಹಿಡಿದು ಭುಜದ ಸುತ್ತ ಚಾಕ್‌ಪೀಸು ಎಳೆದೆ, ಕಾಲರಿನ ಮೇಲೆ ತಲೆಗೆ ಒಂದು ಗೇಣು ಜೊತೆಗೆ ತುರುಬಿಗೆ ನಾಲ್ಕು ಬೆರಳು, ಅಂಚಿನವರೆಗೂ ಬೀದಿ ತುಂಬಿಸಿದೆ, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ, ಪಾದದ ಬಳಿ ರಸ್ತೆಗೆ ಬಿದ್ದ ನೆರಳನ್ನೂ ಬರೆದೆ, ಆಳಿಲ್ಲದಿದ್ದರೂ ನೆರಳು, ನೆರಳಾದರೂ ಮೊದಲು ಬರಲಿ ಮನೆಗೆ. ಇಷ್ಟು ದಿನ ಹೊಸಿಲಲ್ಲಿ ಕೂತು ಆ ಬಿಳಿಯ ಜೊತೆಯೇ ಊಟ, ಆ ಬಿಳಿಗೇ ಗುಡ್‌ನೈಟು, ಕೆಳಮನೆಯ ಟೈಲರಮ್ಮ ಮೆಟ್ಟಿಲಲ್ಲಿ ತಟ್ಟೆ ಇಟ್ಟು ಕೂಗುತ್ತಾರೆ, ಯಾರ ಹತ್ರ ಮಾತಾಡ್ತಿದೀಯಪ್ಪಾ, ಗೋಡೆ ಹತ್ರ ಅಕ್ಕಾ, ಏನಂತೆ ಅದು, ಇನ್ನೂ ಏನೂ ಅಂದಿಲ್ಲ.

ಟ್ರಿಣ್ ಟ್ರಿಣ್. ಎರಡು. ಎರಡೇ. ಚಿಲಕ ತೆಗೆದು ಹಾಲ್‌ನ ಆ ತುದಿಗೆ ಓಡಿ ಗೋಡೆಗೆ ಬೆನ್ನು ಹಚ್ಚಿ ನಿಂತೆ, ಕೆಳಗಿನಿಂದ ಟೈಲರಮ್ಮ, ನಿಧಾನಾ, ನಿಧಾನಕ್ಕೆ ಹತ್ತು ತಾಯಿ, ಮೆಟ್ಟಿಲು ಎಲ್ಲೂ ಓಡಿಹೋಗಲ್ಲ. ಮೂರು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾಳೆ, ಎಣಿಸುತ್ತೇನೆ, ಬಂದಳು, ಮಾಸ್ಕಿನ ಮೇಲೆ ಎರಡು ಕಣ್ಣು, ಕಣ್ಣು ಅವೇ, ಔಷಧಿಯ ವಾಸನೆ ನನ್ನನ್ನು ಹಾದು ಒಳಕೋಣೆಗೆ ಹೋಯಿತು, ನಾನು ಹೊಸಿಲವರೆಗೆ, ಹೊಸಿಲವರೆಗೆ ಮಾತ್ರ. ನೋಡುತ್ತಿದ್ದಾಳೆ, ಮಾಸ್ಕಿನೊಳಗೆ ತುಟಿ ಆಡುತ್ತಿದೆ, ಬೀಗ, ಗಲ್ಲಿ, ಕನ್ನಡಕ — ನಾಯಿ ಬಂತಲ್ಲ ರೀ! ಬರದೇ ಇರತ್ತಾ, ಬೇಜಾರು ಮಾಡ್ಕೊಳ್ಳತ್ತೆ ಅಂದಿದ್ಯಲ್ಲ. ಇದ್ಯಾಕೆ ನಡುನಡುವೆ ಖಾಲಿ ಸೈಟು, ನನ್ನ ರೂಟಲ್ಲಿ ಇಷ್ಟು ಸೈಟು ಇಲ್ವಲ್ಲ? ಊರು ಬೆಳೀಬೇಕಲ್ಲ ಮಾರಾಯ್ತಿ ಅಂದೆ. ಬಸ್‌ಸ್ಟಾಪಲ್ಲಿ ಯಾಕೆ ಬಿಳಿ ಬಿಟ್ರಿ? ಅದು ನಿಂದು, ನಿಂತ್ಕೋ. ಗೋಡೆ ಹಿಡಿದು ಹೋದಳು, ತಿರುಗಿದಳು, ನಿಂತಳು, ನಾನು ಯಜಮಾನರಾದೆ, ಗದ್ದ ಸ್ವಲ್ಪ ಮೇಲೆ ಮೇಡಂ, ಇಷ್ಟು ಮೇಲಲ್ಲ, ಫ್ಯಾನಿನ ಫೋಟೊ ಅಲ್ಲ, ನಗಿ — ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಎಡಕ್ಕೆ ನೋಡಿಕೊಂಡಳು, ಬಲಕ್ಕೆ ನೋಡಿಕೊಂಡಳು, ಕಾಲ ಕೆಳಗೆ ನೋಡಿದಳು, ಏನ್ರೀ, ಈ ನೆರಳು ಯಾರದು, ಇಷ್ಟು ದಪ್ಪ ಇದ್ನಾ ನಾನು? ಪಕ್ಕದಲ್ಲಿ ಇನ್ನೊಬ್ರಿಗೆ ಜಾಗ ಇದೆಯಲ್ಲ — ಇದೆ, ನಾಲ್ಕು ಹೆಜ್ಜೆ ಇಟ್ಟರೆ, ಏಳು ದಿನ, ಕೈಯಲ್ಲಿ ಬ್ರಷ್ ಇದೆ, ಬಣ್ಣ ಇದೆ, ಯಜಮಾನರ ದನಿ ಹೋಯಿತು, ಅಜ್ಜಿಯ ದನಿ ಹೋಯಿತು, ಚಾಕಿನ ಗೆರೆಯನ್ನು ಅವಳು ಮುಟ್ಟುತ್ತಿಲ್ಲ, ಬೀದಿಗೂ ಅವಳಿಗೂ ನಡುವೆ, ಎಡಕ್ಕೆ ಎರಡು ಬೆರಳು, ಬಲಕ್ಕೆ ಎರಡು ಬೆರಳು, ಭುಜದ ಸುತ್ತ, ಕುತ್ತಿಗೆಯ ಸುತ್ತ, ಬಿಳಿ