ಕಿಟಕಿಗೆ ಆರು ಗುಂಡು

ತಿಂಗಳ ಎರಡನೇ ಭಾನುವಾರ ಬಂತೆಂದರೆ ವೆಂಡೆಲ್ ಕೋಪ್‌ಗೆ ಹಬ್ಬ. ಉಳಿದ ದಿನಗಳಲ್ಲಿ ಅವನು ಕಬ್ಬಿಣದ ಸಾಮಾನಿನ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬನೇ ಕಾಫಿ ಕಾಸಿಕೊಂಡು, ಒಬ್ಬನೇ ಟೀವಿಯ ಜೊತೆ ಜಗಳವಾಡಿಕೊಂಡು ಇರುತ್ತಿದ್ದ. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲವೆಂದು ಕೇಳಿದರೆ ಪುರಸೊತ್ತಾಗಲಿಲ್ಲ ಎನ್ನುತ್ತಿದ್ದ. ಧಾನ್ಯದ ಗೋದಾಮಿನಲ್ಲಿ ಮೂವತ್ತೆಂಟು ವರ್ಷ ಜೋಳದ ಲಾರಿಗಳನ್ನು ತೂಗಿ ನಿವೃತ್ತನಾದ ಮೇಲೆ ಅವನನ್ನು ಹೆಸರು ಹಿಡಿದು ಕರೆಯುವ ಜನ ಇದ್ದದ್ದು ಪ್ಲಾಟ್ ನದಿಯ ಬಗಲಿನ ಹಳೇ ಜಲ್ಲಿ ಗುಂಡಿಯಲ್ಲಿ, ಅದೂ ಪಂದ್ಯದ ದಿನ ಮಾತ್ರ.

ನಿಂತಲ್ಲೇ ನಿಂತು ಗುರಿ ಹೊಡೆಯುವ ಪಂದ್ಯ ಅದಲ್ಲ. ಮರದ ಚೌಕಟ್ಟಿಗೆ ಕಿತ್ತಳೆ ಬಣ್ಣದ ಜಾಲರಿ ಬಿಗಿದು ಗೋಡೆ ಮಾಡುತ್ತಾರೆ, ನಡುನಡುವೆ ಕಿಟಕಿ ಬಿಡುತ್ತಾರೆ, ಆಚೆಗೆ ರಟ್ಟಿನ ಗುರಿಗಳನ್ನೂ ಉಕ್ಕಿನ ತಟ್ಟೆಗಳನ್ನೂ ನಿಲ್ಲಿಸುತ್ತಾರೆ. ಗಡಿಯಾರ ಬೀಪ್ ಎಂದ ಕೂಡಲೇ ಕಿಟಕಿಯಿಂದ ಕಿಟಕಿಗೆ ಓಡುತ್ತ ಹೊಡೆಯುತ್ತ ಹೋಗಬೇಕು. ರಟ್ಟಿಗೆ ಎರಡು ಗುಂಡು, ತಟ್ಟೆಗೆ ಒಂದು. ಬಂದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುವುದರಿಂದ ಸುಮ್ಮನೆ ನಿಂತ ಒಂದೊಂದು ಸೆಕೆಂಡೂ ದಂಡವೇ. ಇಂಥ ಒಂದು ಓಟಕ್ಕೆ ಸ್ಟೇಜ್ ಎನ್ನುತ್ತಾರೆ. ಒಂದು ಭಾನುವಾರಕ್ಕೆ ಐದು ಸ್ಟೇಜು.

ಎಲ್ಲರ ಸೊಂಟದಲ್ಲೂ ಇಪ್ಪತ್ತಮೂರು ಗುಂಡು ಹಿಡಿಯುವ, ಗುರಿ ತೋರಿಸಲು ಮೇಲೆ ಕೆಂಪು ಚುಕ್ಕಿ ಮಿನುಗುವ ಹೊಸ ಪಿಸ್ತೂಲು. ವೆಂಡೆಲ್‌ನದು ಆರು ಗುಂಡಿನ ರಿವಾಲ್ವರ್. ಅವನು ಕ್ಲಬ್ಬಿಗೆ ಸೇರಿದಾಗ ರಿವಾಲ್ವರಿನವರು ಇವನೂ ಸೇರಿ ಐದು ಜನ ಇದ್ದರು. ಒಬ್ಬ ಸತ್ತ, ಒಬ್ಬನಿಗೆ ಕಣ್ಣು ಕೈಕೊಟ್ಟಿತು, ಇನ್ನಿಬ್ಬರು ಕೆಂಪು ಚುಕ್ಕಿಗೆ ಮರುಳಾದರು. ಈಗ ಫಲಿತಾಂಶದ ಹಾಳೆಯಲ್ಲಿ ರಿವಾಲ್ವರ್ ವಿಭಾಗದ ಕೆಳಗೆ ಇವನದೊಂದೇ ಹೆಸರು, ಮುಂದೆ ಪ್ರತಿ ತಿಂಗಳೂ ಮೊದಲನೇ ಸ್ಥಾನ. ಒಬ್ಬನೇ ಓಡಿದ ಓಟದಲ್ಲಿ ಮೊದಲು ಬಂದವನಿಗೆ ಯಾರು ಎಷ್ಟು ಹೊತ್ತು ಚಪ್ಪಾಳೆ ತಟ್ಟುತ್ತಾರೆ? ಆದರೂ ಅವನು ಬೀಗಲು ಒಂದು ಕಾರಣ ಇಟ್ಟುಕೊಂಡಿದ್ದ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವನು ಗುಂಡು ತುಂಬಲು ನಿಂತದ್ದಿಲ್ಲ. ಒಂದು ಕಿಟಕಿಯಲ್ಲಿ ಆರೂ ಹೊಡೆದು, ಮುಂದಿನದಕ್ಕೆ ಹೆಜ್ಜೆ ಹಾಕುತ್ತಲೇ ಖಾಲಿ ಚಿಪ್ಪುಗಳನ್ನು ಉದುರಿಸಿ, ಆರು ಗುಂಡು ಸಿಕ್ಕಿಸಿದ ಉಕ್ಕಿನ ಬಿಲ್ಲೆಯೊಂದನ್ನು ಒಳಗಿಳಿಸಿ, ಕಿಟಕಿ ಮುಟ್ಟುವಷ್ಟರಲ್ಲಿ ಸಿದ್ಧನಾಗಿರುತ್ತಿದ್ದ. ಹುಡುಗರು ಕೂಡ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಸ್ಟೇಜುಗಳನ್ನೆಲ್ಲ ಬರೆದು ಕಟ್ಟಿಸುತ್ತಿದ್ದವಳು ಲೊರೇನ್ ವಾಸೆಕ್. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು, ಕೂದಲಲ್ಲಿ ಸದಾ ಬಡಗಿಯ ಪೆನ್ಸಿಲು ಸಿಕ್ಕಿಸಿಕೊಂಡು ಓಡಾಡುವವಳು. ಪಂದ್ಯ ಮುಗಿದ ಮೇಲೆ ವೆಂಡೆಲ್ ಅವಳನ್ನು ಕೆಣಕದೆ ಮನೆಗೆ ಹೋದದ್ದಿಲ್ಲ.

"ಈ ಸಲಾನೂ ನಿನ್ನ ಒಗಟು ಬಿಡಿಸ್ಬಿಟ್ಟೆ ಲೊರೇನ್. ಸ್ವಲ್ಪ ಕಷ್ಟದ್ದು ಮಾಡೇ ಮಹರಾಯ್ತಿ."

"ಬಿಡಿಸಿದ್ಯಲ್ಲ, ಖುಷಿ ಪಡು. ಹೋಗು, ಊಟ ಮಾಡು" ಎಂದು ಅವಳು ಗೋಡೆಗಳನ್ನು ಬಿಚ್ಚಲು ಹೋಗುತ್ತಿದ್ದಳು.

ಜನವರಿಯಲ್ಲಿ ಅಗ್ನಿಶಾಮಕ ಠಾಣೆಯ ಹಿಂದಿನ ಕೋಣೆಯಲ್ಲಿ ಕ್ಲಬ್ಬಿನ ವಾರ್ಷಿಕ ಸಭೆ ನಡೆಯಿತು. ಹದಿಮೂರು ಜನ, ಒಂದು ದೊಡ್ಡ ಪಾತ್ರೆ ತುಂಬ ಚಿಲ್ಲಿ ಎಂಬ ಖಾರದ ಮಾಂಸದ ಸಾರು, ಅದರ ಜೊತೆ ತಿನ್ನಲು ದಾಲ್ಚಿನ್ನಿಯ ಸಿಹಿ ರೋಲು. ಬ್ರೆಟ್ ಎಂಬ ಮೂವತ್ತರ ಹುಡುಗ ಎದ್ದು, ಈ ವರ್ಷದಿಂದ ಸ್ಟೇಜು ಬರೆಯುವ ಕೆಲಸ ತನಗೆ ಕೊಡಿ ಎಂದ. ಹೊರಗಡೆ ದೊಡ್ಡ ಪಂದ್ಯಗಳಿಗೆ ಹೋದರೆ ನಮ್ಮ ಹುಡುಗರು ತಡಬಡಾಯಿಸುತ್ತಾರೆ, ಅಲ್ಲಿಯ ಹಾಗೆ ಇಲ್ಲಿಯೂ ಅಭ್ಯಾಸ ಆಗಬೇಕು ಎಂಬುದು ಅವನ ವಾದ. ಕೈ ಎತ್ತಲು ಹೇಳಿದರು. ಆರು ಕೈ ಬ್ರೆಟ್ ಕಡೆಗೆ, ಆರು ಕೈ ಲೊರೇನ್ ಕಡೆಗೆ. ರೋಲು ಅಗಿಯುತ್ತ ಕೂತಿದ್ದ ವೆಂಡೆಲ್ ಕಡೆ ಎಲ್ಲರೂ ತಿರುಗಿದರು. ಹಾಗೆ ಹನ್ನೆರಡು ಜನ ಒಟ್ಟಿಗೆ ತನ್ನನ್ನು ನೋಡಿದ್ದು ಅವನಿಗೆ ಖುಷಿಯಾಯಿತು.

"ಆಗ್ಲಿ ಬಿಡ್ರಪ್ಪಾ, ಹೊಸ ಕೈ ಬರ್ಲಿ. ಲೊರೇನ್ ಸ್ಟೇಜು ನಾನು ಕಣ್ಣು ಮುಚ್ಕೊಂಡು ಹೊಡೀತೀನಿ" ಎಂದು ಬ್ರೆಟ್‌ಗೆ ಕೈ ಎತ್ತಿದ. ಎಲ್ಲರೂ ನಕ್ಕರು. ಲೊರೇನ್ ಕೂಡ ನಕ್ಕಳು, ಅವನನ್ನೇ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಎದ್ದು ಕೋಟು ಹಾಕಿಕೊಂಡಳು. ಮನುಷ್ಯ ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವಾಗ ಅದರ ಭಾರ ಗೊತ್ತಾಗುವುದಿಲ್ಲ, ರೋಲಿನ ರುಚಿಯೇ ಗೊತ್ತಾಗುತ್ತದೆ.

ಫೆಬ್ರವರಿ, ಮಾರ್ಚ್ ಎರಡು ತಿಂಗಳೂ ಹಿಮ ಬಿದ್ದು ಪಂದ್ಯ ನಡೆಯಲಿಲ್ಲ. ಏಪ್ರಿಲ್‌ನ ಭಾನುವಾರ ವೆಂಡೆಲ್ ಎಲ್ಲರಿಗಿಂತ ಮೊದಲು ಬಂದ. ಎರಡು ತಿಂಗಳ ಮಾತು ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಲೊರೇನ್ ಬಂದಿರಲಿಲ್ಲ. ಗಾಳಿ ಜೋರಿದೆ, ಅದಕ್ಕೇ ಇರಬೇಕು ಎಂದುಕೊಂಡ.

ಹೊಡೆಯುವ ಮೊದಲು ಐದು ನಿಮಿಷ ಸ್ಟೇಜಿನೊಳಗೆ ನಡೆದು ನೋಡಲು ಬಿಡುತ್ತಾರೆ. ದೊಡ್ಡ ದೊಡ್ಡ ಗಂಡಸರು ತೋರುಬೆರಳನ್ನೇ ಪಿಸ್ತೂಲು ಮಾಡಿಕೊಂಡು, ತುಟಿಯಲ್ಲಿ ಎಣಿಸುತ್ತ, ಕಿಟಕಿಯಿಂದ ಕಿಟಕಿಗೆ ನಡೆದಾಡುವ ಹೊತ್ತು ಅದು. ವೆಂಡೆಲ್ ಮಾತ್ರ ಆ ನಡಿಗೆಯನ್ನು ಯಾವತ್ತೋ ಬಿಟ್ಟಿದ್ದ. ನನ್ನಂಥವನಿಗೆ ಒಂದು ಸಲ ಕಣ್ಣಾಡಿಸಿದರೆ ಸಾಕು ಎಂದು ಪಿಕಪ್ಪಿನ ಬಳಿ ನಿಂತು ಕಾಫಿ ಕುಡಿದ.

ಬೀಪ್ ಎಂದಿತು. ಮೊದಲ ಕಿಟಕಿಯಲ್ಲಿ ಮೂರು ರಟ್ಟಿಗೆ ಆರು ಗುಂಡು ಹೊಡೆದು ಮುಂದಕ್ಕೆ ಕಾಲು ತೆಗೆದವನಿಗೆ ಎಡಗಡೆ ಮೂಲೆಯಲ್ಲಿ ಇನ್ನೆರಡು ತಟ್ಟೆ ಕಂಡವು. ಈ ಕಿಟಕಿ ಬಿಟ್ಟರೆ ಬೇರೆಲ್ಲಿಂದಲೂ ಅವು ಕಾಣುವ ಹಾಗಿರಲಿಲ್ಲ. ನಿಂತ. ರಿವಾಲ್ವರ್ ತೆರೆದು ಚಿಪ್ಪು ಉದುರಿಸಿದ. ನಿಂತು ತುಂಬುವುದು ಆ ಕೈಗಳಿಗೆ ಹೊಸದು. ಬೆನ್ನ ಹಿಂದೆ ಗಡಿಯಾರ ಹಿಡಿದಿದ್ದ ಬ್ರೆಟ್‌ಗೂ ವೆಂಡೆಲ್ ನಿಂತದ್ದು ಹೊಸದು. ಇಷ್ಟಕ್ಕೇ ಕೈಬಿಟ್ಟ ಎಂದುಕೊಂಡು ಅವನು ರೂಢಿಯಂತೆ ಕೂಗಿದ: "ಮುಗ್ದಿದ್ರೆ ಖಾಲಿ ಮಾಡಿ ತೋರ್ಸಿ."

ಹನ್ನೊಂದು ವರ್ಷ ಆ ಮಾತಿಗೆ ತಲೆಬಾಗಿದ ಕೈ, ಹಾಗೇ ಖಾಲಿ ಆಯುಧವನ್ನು ಎತ್ತಿ ತೋರಿಸಿ, ಮುಚ್ಚಿ, ಸೊಂಟಕ್ಕಿಟ್ಟುಕೊಂಡಿತು. ಆಮೇಲೆ ವೆಂಡೆಲ್ ತಲೆ ಎತ್ತಿ ನೋಡಿದ. ಎರಡು ತಟ್ಟೆ ನಿಂತೇ ಇದ್ದವು. ಮುಂದಿನ ಮೂರು ಕಿಟಕಿಗಳನ್ನು ಅವನು ಮುಟ್ಟಿಯೂ ಇರಲಿಲ್ಲ.

"ಅಯ್ಯೋ ಯಜಮಾನ್ರೇ, ತಪ್ಪು ನಂದು" ಎಂದು ಬ್ರೆಟ್ ತಲೆ ಚಚ್ಚಿಕೊಂಡ. "ಮೊದ್ಲಿಂದ ಹೊಡೀರಿ, ರೂಲ್ಸ್‌ನಲ್ಲೇ ಇದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಅವನು ಮತ್ತೆ ಹೊಡೆದ, ಮೊದಲ ಕಿಟಕಿಯಲ್ಲಿ ನಿಂತ, ಮೂರನೆಯದರಲ್ಲಿ ನಿಂತ. ಆರನೇ ಗುಂಡಿಗೂ ಏಳನೇ ಗುಂಡಿಗೂ ನಡುವೆ ಜಲ್ಲಿ ಗುಂಡಿಯಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅಷ್ಟು ಜನರ ನಡುವೆ ಅವನಿಗೆ ತನ್ನ ಎರಡು ಕೋಣೆಯ ಮನೆಯಲ್ಲೇ ನಿಂತಿರುವಂತೆ ಅನ್ನಿಸಿತು. ಎರಡನೇ ಸ್ಟೇಜಿನಲ್ಲೂ ಕಿಟಕಿಗೆ ಎಂಟು ಗುಂಡು. ಮೂರನೆಯದರಲ್ಲೂ ಎಂಟು.

ರಟ್ಟಿನ ತೂತುಗಳಿಗೆ ಅಂಟುಪಟ್ಟಿ ಹಚ್ಚುತ್ತ ಅವನು ಬ್ರೆಟ್‌ನ ಪಕ್ಕಕ್ಕೆ ಹೋದ. "ಎಲ್ಲಾ ಕಡೆ ಎಂಟೆಂಟು ಯಾಕಪ್ಪಾ ಇಟ್ಟಿದ್ದೀಯ?"

"ಒಂದು ಜಾಗದಿಂದ ಎಂಟು ಗುಂಡಿನ ತನಕ ಇಡಬಹುದು ಅಂತ ರೂಲ್ಸ್ ಪುಸ್ತಕದಲ್ಲಿದೆಯಲ್ಲ. ದೊಡ್ಡ ಪಂದ್ಯದಲ್ಲೂ ಹಂಗೇ ಇಡೋದು."

"ಮೊದ್ಲೂ ಅದೇ ಪುಸ್ತಕ ತಾನೇ ಇದ್ದಿದ್ದು?"

ಬ್ರೆಟ್ ಅಂಟುಪಟ್ಟಿಯನ್ನು ಕೈಯಲ್ಲೇ ಹಿಡಿದು ನಿಂತ. "ಲೊರೇನ್ ಆರರ ಮೇಲೆ ಇಡ್ತಾನೇ ಇರ್ಲಿಲ್ವಲ್ಲ. ನಾವೆಲ್ಲ ಅದಕ್ಕೇ ಜಗಳ ಆಡಿದ್ದು. ಒಬ್ರಿಗೋಸ್ಕರ ಇಪ್ಪತ್ತೈದು ಜನರ ಸ್ಟೇಜು ಯಾಕೆ ಕಟ್ಟಿ ಹಾಕ್ತೀರಾ ಅಂತ ಕೇಳಿದ್ರೆ, ನನ್ನಿಷ್ಟ ಅನ್ನೋರು. ನಿಮಗೆ ಗೊತ್ತಿತ್ತಲ್ವಾ? ನೀವು ಕೈ ಎತ್ತಿದಾಗ, ಇವರಿಗೂ ಆ ಹಂಗು ಬೇಡ್ವಂತೆ ಅಂದ್ಕೊಂಡ್ವಿ ನಾವು."

ವೆಂಡೆಲ್ ಮುಂದಿನ ತೂತಿಗೆ ಪಟ್ಟಿ ಒತ್ತಿದ.

"ನನ್ನ ಹತ್ರ ಇನ್ನೊಂದು ಪಿಸ್ತೂಲಿದೆ, ಚುಕ್ಕಿದು" ಎಂದ ಬ್ರೆಟ್, ದನಿ ತಗ್ಗಿಸಿ. ಹುಡುಗ ಕೆಟ್ಟವನಲ್ಲ. "ಉಳಿದ ಎರಡು ಅದ್ರಲ್ಲಿ ಹೊಡೀರಿ. ಒಂದ್ಸಲ ಕೈಗೆ ಹತ್ತಿದ್ರೆ ಇದನ್ನ ಬಿಡೋದೇ ಇಲ್ಲ ನೀವು."

"ಇವತ್ತು ಬೇಡ" ಎಂದು ವೆಂಡೆಲ್ ಸೊಂಟದ ಪಟ್ಟಿ ಬಿಚ್ಚಿದ. ಎರಡು ಸ್ಟೇಜು ಬಾಕಿ ಇರುವಾಗ ಅವನು ಜಲ್ಲಿ ಗುಂಡಿಯಿಂದ ಹೊರಟದ್ದು ಅದೇ ಮೊದಲು.

ಲೊರೇನಳ ಮನೆ ಇದ್ದದ್ದು ರೈಲು ಹಳಿಯಾಚೆ. ಹನ್ನೊಂದು ವರ್ಷದ ಪರಿಚಯದಲ್ಲಿ ಅವನು ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಬಾಗಿಲು ತೆರೆದವಳು ಅವನ ಮುಖ ನೋಡಿದ ಕೂಡಲೇ ಕೇಳಿದಳು:

"ಎಂಟು ಇಟ್ಟಿದ್ನಾ?"

"ಎಲ್ಲಾ ಕಡೆ."

"ಅವನ ತಪ್ಪೇನಿಲ್ಲ. ಪುಸ್ತಕದಲ್ಲಿರೋದೇ ಎಂಟು. ಬಾ ಒಳಗೆ, ಕಾಫಿ ಇದೆ."

ಅಡುಗೆಮನೆಯ ಮೇಜಿನ ಮುಂದೆ ಅವನು ಟೋಪಿ ಕೈಯಲ್ಲಿ ಹಿಡಿದು ಕೂತ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ಸಿಗದೆ, ತಪ್ಪಿತಸ್ಥ ತಾನೇ ಆಗಿದ್ದರೂ ಅವಳನ್ನೇ ದಬಾಯಿಸಿದ. "ನಂಗೆ ಯಾಕೆ ಹೇಳ್ಲಿಲ್ಲ ನೀನು?"

"ಏನಂತ ಹೇಳ್ಬೇಕಿತ್ತು? ನೀನು ನಿಲ್ಲದೆ ಹೊಡೀತಿರೋದು ನನ್ನಿಂದ ಅಂತಾನಾ? ಜಂಬ ಕೊಚ್ಕೊಳ್ಳೋಕೆ ನಿನ್ನ ಹತ್ರ ಇದ್ದಿದ್ದೇ ಅದೊಂದು. ಅದನ್ನೂ ಕಿತ್ಕೊಂಡು ನಾನೇನು ಮಾಡ್ಲಿ?"

ಅವಳು ಕಾಫಿ ಬಗ್ಗಿಸಿದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದರೆ ಅವನಿಗೆ ಉತ್ತರ ಕೊಡಲು ಬರುತ್ತಿತ್ತು.

"ಪ್ರತಿ ಪಂದ್ಯದ ಹಿಂದಿನ ಶನಿವಾರ ಗೋಡೆ ಕಟ್ಟಿ ಎಲ್ಲಾ ಹೋದ್ಮೇಲೆ ನಾನು ಎರಡು ಸಲ ನಡೀತಿದ್ದೆ. ಒಂದ್ಸಲ ನನ್ನ ಕಾಲಲ್ಲಿ, ಒಂದ್ಸಲ ನಿನ್ನ ಕಾಲಲ್ಲಿ. ವೆಂಡೆಲ್ ಇಲ್ಲಿ ಆರು ಹೊಡೀತಾನೆ, ಇಷ್ಟು ಹೆಜ್ಜೆಯಲ್ಲಿ ತುಂಬ್ತಾನೆ, ಅಲ್ಲಿಗೆ ಬಂದು ಆರು ಹೊಡೀತಾನೆ ಅಂತ. ನಿನ್ನ ಎಡಮಂಡಿ ನೋಯ್ತಿದ್ದ ವರ್ಷ ಕಿಟಕಿಗಳನ್ನೆಲ್ಲ ಎಷ್ಟು ಹತ್ರ ತಂದಿದ್ದೆ, ಗೊತ್ತಾ?"

ಅವನಿಗೆ ಆ ವರ್ಷ ನೆನಪಿತ್ತು. ಮಂಡಿಗೆ ಹಚ್ಚುತ್ತಿದ್ದ ಮುಲಾಮನ್ನು ಊರೆಲ್ಲ ಹೊಗಳಿಕೊಂಡು ತಿರುಗಿದ್ದ. ಲೊರೇನಳಿಗೂ ಒಂದು ಡಬ್ಬಿ ತಂದುಕೊಟ್ಟಿದ್ದ.

"ನಾನು ಅವತ್ತು ಕೈ ಎತ್ತಿದ್ದು... ನಂಗೆ ಗೊತ್ತಿರ್ಲಿಲ್ಲ ಲೊರೇನ್. ದೇವ್ರಾಣೆ."

"ಗೊತ್ತಿದ್ರೆ ಎತ್ತುತ್ತಿರ್ಲಿಲ್ಲ ಅಂತ ನಂಗೂ ಗೊತ್ತು. ಕೈ ಎತ್ತಿದ್ದಕ್ಕೆ ನಂಗೇನೂ ಇಲ್ಲ ಕಣೋ." ಅವಳು ಕಿಟಕಿಯಾಚೆ ನೋಡುತ್ತ ಹೇಳಿದಳು. "ಹನ್ನೊಂದು ವರ್ಷ, ತಿಂಗಳಿಗೆ ಐದು ಸ್ಟೇಜು. ಒಂದಲ್ಲ ಒಂದಿನ ಬಂದು, ಅಲ್ಲ ಲೊರೇನ್, ಯಾವಾಗ ನೋಡಿದ್ರೂ ಆರೇ ಯಾಕೆ ಬರುತ್ತೆ ಅಂತ ಕೇಳ್ತೀಯ ಅಂತ ಕಾದೆ. ಪ್ರತಿ ಸಲ ನೀನು ನನ್ನ ಕಡೆಗೇ ನಡ್ಕೊಂಡು ಬರ್ತಿದ್ದೆ. ಇವತ್ತು ಕೇಳ್ತಾನೆ ಅಂದ್ಕೋತಿದ್ದೆ. ನೀನು ಬಂದು, ಕಷ್ಟದ್ದು ಮಾಡೇ ಅಂತಿದ್ದೆ."

ವೆಂಡೆಲ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನು ಯಾರಿಗೂ ಬೇಡವಾದವನೆಂದು ತಿಳಿದು ಬದುಕಿದ್ದ, ಅದಕ್ಕೆ ಒಗ್ಗಿಕೊಂಡೂ ಇದ್ದ. ಅಷ್ಟು ವರ್ಷ ಒಬ್ಬಳು ತನ್ನ ಹೆಜ್ಜೆಗಳನ್ನು ಎಣಿಸುತ್ತಿದ್ದಳು ಎಂಬುದನ್ನು ತಾಳಿಕೊಳ್ಳುವುದು ಅದಕ್ಕಿಂತ ಕಷ್ಟವಾಗಿತ್ತು.

"ನೀನು ವಾಪಸ್ ಬಾ" ಎಂದ. "ನಾನು ಬ್ರೆಟ್ ಹತ್ರ ಮಾತಾಡ್ತೀನಿ. ಎಲ್ಲರ ಕೈಕಾಲು ಹಿಡೀತೀನಿ ಬೇಕಾದ್ರೆ. ಒಂದೇ ಒಂದು ಸ್ಟೇಜು ಬರಿ ಸಾಕು. ನೀನು ಹೆಂಗೆ ಬರೆದ್ರೂ ಸರಿ."

"ಬೇಡ ವೆಂಡೆಲ್."

"ಯಾಕೆ?"

"ಈಗ ನಾನು ಆರು ಎಣಿಸಿದ್ರೆ ಅದು ನಿನ್ನ ಮೇಲೆ ದಯೆ ತೋರಿಸ್ದಂಗೆ ಆಗುತ್ತೆ. ಎಲ್ಲರಿಗೂ ಗೊತ್ತು, ಈಗ ನಿಂಗೂ ಗೊತ್ತು. ಆವಾಗ ಅದು ದಯೆ ಆಗಿರ್ಲಿಲ್ಲ."

ಮತ್ತೇನಾಗಿತ್ತು ಎಂದು ಕೇಳುವಷ್ಟು ದಡ್ಡ ಅವನೂ ಆಗಿರಲಿಲ್ಲ. ಹೇಳಬೇಕಾದ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಲೊರೇನ್ ಆಗಲೇ ಎದ್ದು ಅವನ ಬಟ್ಟಲನ್ನು ತೊಳೆಯುವ ತೊಟ್ಟಿಯಲ್ಲಿಟ್ಟು ನೀರು ಬಿಟ್ಟಿದ್ದಳು. ನೀರು ಬೀಳುತ್ತಲೇ ಇತ್ತು. ಅವಳು ತಿರುಗಲಿಲ್ಲ.

"ಬರ್ತೀನಿ" ಎಂದ ಅವನು.

"ಹುಷಾರಾಗಿ ಹೋಗು."

ಹೊರಗೆ ಗಾಳಿ ಇನ್ನೂ ಜೋರಾಗಿತ್ತು, ಹಳಿಯ ಕಡೆಯಿಂದ ಮರಳು ಎದ್ದು ಬರುತ್ತಿತ್ತು. ಅದು ಅವಳ ಮನೆಯೊಳಗೆ ಹೋಗದಿರಲೆಂದು ವೆಂಡೆಲ್ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡ. ಸರಿಯಾಗಿ ಕೂತಿತೋ ಇಲ್ಲವೋ ಎಂದು ಎರಡು ಸಲ ತಳ್ಳಿ ನೋಡಿ, ಆಮೇಲೆ ಮೆಟ್ಟಿಲಿಳಿದ.