ಹೆಗಲಿಗೇರಿದ ನೊಗ

ನಮ್ಮ ಸಿರಸಂಗಿಯ ಕಡೆ ಎತ್ತುಗಳು ಮಾತಾಡುತ್ತವೆ. ನೊಗ ಹೊತ್ತು ಜೋಡಿಯಾಗಿ ನಿಂತಾಗ ಮಾತ್ರ. ನೊಗ ಇಳಿಸಿದರೆ ಮತ್ತೆ ಮೂಕ. ಅವು ಆಡುವುದೇನೂ ವೇದಾಂತವಲ್ಲ. ಬಿಸಿಲು ಜಾಸ್ತಿಯಾಯಿತು, ಮೇವಿನ ಕಣಿಕೆ ಮುಗ್ಗಲು ಹಿಡಿದಿದೆ, ಒಡೆಯ ನಿನ್ನೆ ಹೆಂಡತಿಯಿಂದ ಬೈಸಿಕೊಂಡ, ಇಂಥವೇ. ಆದರೆ ಸುಳ್ಳು ಹೇಳುವುದಿಲ್ಲ. ಊರಲ್ಲಿ ಇಷ್ಟೊಂದು ಜನ ಟ್ರ್ಯಾಕ್ಟರ್ ಕೊಂಡಿದ್ದು ಅದಕ್ಕೇ ಎಂದು ನನ್ನ ಗುಮಾನಿ.

ಆ ನೊಗಗಳನ್ನು ಮಾಡುವವನು ನಾನು, ರಾಮಲಿಂಗಪ್ಪ ಬಡಿಗೇರ. ಬಾಚಿ ಹಿಡಿದೇ ತಲೆ ನರೆತಿದೆ. ಮಾತು ಎತ್ತಿನದು, ನೊಗ ಬರೀ ಕಟ್ಟಿಗೆ ಎಂದೇ ತಿಳಿದಿದ್ದೆ.

ಒಂದೊಂದೇ ಎತ್ತು ಇರುವ ಎರಡು ಮನೆಯವರು ಎತ್ತುಗಳನ್ನು ಜೋಡಿ ಮಾಡಿಕೊಂಡು, ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ ಎಂದು ಉಳುವುದು ಇಲ್ಲಿಯ ರೂಢಿ. ಜೋಡಿ ಮುರಿಯುವ ದಿನ ಇಬ್ಬರೂ ನೊಗವನ್ನು ಹೆಗಲ ಮೇಲೆ ಹೊತ್ತು ನನ್ನಲ್ಲಿಗೆ ತರಬೇಕು. ನಾನು ಅದನ್ನು ನಡುವೆ ಕೊಯ್ದರೆ ಸಂಬಂಧ ಹರಿದಂತೆ. ಹಾಗೆ ಹೊತ್ತು ತಂದವರನ್ನು ನಾನಂತೂ ಕಂಡಿಲ್ಲ. ಮೊದಲು ಚಕ್ಕಡಿಯಲ್ಲಿ ಹೇರಿ ತರುತ್ತಿದ್ದರು, ಈಗ ಬೈಕಿಗೆ ಕಟ್ಟಿಕೊಂಡು ಬಂದು ನನ್ನ ಅಂಗಳದಲ್ಲಿ ಬಿಸಾಡಿ ಹೋಗುತ್ತಾರೆ, ನಾಚಿಕೆಯಿಲ್ಲದವರು.

ರಾಜೇಶ್ವರಿಯ ಕೆಂಚ, ಬಸವಲಿಂಗನ ಮೈಲ್ಯಾ ಅಂಥದೊಂದು ಜೋಡಿ. ತಂದೆ ಹೋದ ಮೇಲೆ ಹೊಲ ಹಿಡಿದು ನಿಂತವಳು ರಾಜೇಶ್ವರಿ. ಅವಳ ಬಾಯಿ ಜೋರು. ಬಸವಲಿಂಗನಿಗೆ ಬಾಯಿ ಇದೆ ಎಂದು ಗೊತ್ತಾಗುವುದು ಊಟಕ್ಕೆ ಕೂತಾಗಲೇ. ಅವನ ಮನಸ್ಸು ಅವಳ ಮೇಲಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಎತ್ತುಗಳಿಗೆ ಗೊತ್ತಿರದೆ ಇರುತ್ತದೆಯೇ? ಒಮ್ಮೆ ಕೇಳಿಯೂ ಬಿಟ್ಟಿದ್ದೆ. "ಅದನ್ನ ಹೇಳೂದು ನಮ್ಮ ಕೆಲಸ ಅಲ್ಲ," ಎಂದು ಕೆಂಚ ಮುಖ ತಿರುಗಿಸಿತ್ತು.

ಮೊನ್ನೆ ರಾಜೇಶ್ವರಿಯ ತಾಯಿ ಸೋಮವ್ವ ಬೈಲಹೊಂಗಲದ ಒಂದು ಗಂಡನ್ನು ಗೊತ್ತುಮಾಡಿದಳು. ಭಾನುವಾರ ಬಂದು ಮಾತು ಮುಗಿಸುತ್ತಾರೆಂದೂ ಆಯಿತು. ಮಗಳು ಗಂಡನ ಮನೆಗೆ ಹೋದರೆ ಕೆಂಚ ಸೋದರಮಾವನ ಕೊಟ್ಟಿಗೆಗೆ. ಹಾಗಾಗಿ ಜೋಡಿ ಮುರಿಯಲೇಬೇಕು. ಬೈಕು ಬೇಡ, ರೂಢಿಯ ಪ್ರಕಾರವೇ ಆಗಲಿ ಎಂದು ಹಟ ಹಿಡಿದವಳು ರಾಜೇಶ್ವರಿ.

ಬೆಳಗಿನ ಹೊತ್ತು. ನೊಗದ ಒಂದು ತುದಿ ಅವಳ ಹೆಗಲ ಮೇಲೆ, ಇನ್ನೊಂದು ತುದಿ ಹಿಂದೆ ಬರುತ್ತಿದ್ದ ಬಸವಲಿಂಗನ ಹೆಗಲ ಮೇಲೆ. ಅವನ ಹಿಂದೆ ಎರಡೂ ಎತ್ತುಗಳು. ನನ್ನ ಅಂಗಳಕ್ಕೆ ಕಾಲಿಡುವಾಗ ಒಂದು ಗಂಡು ದನಿ ಕೇಳಿತು.

"ನಿಮ್ಮ ಹೊಲಕ್ಕ ಬರೋ ದಿನಾ ನಾ ಎರಡೆರಡು ಸಲ ಮಾರಿ ತೊಳಕೋತೇನಿ."

ಹೇಳಿದವನು ಬಸವಲಿಂಗ. ಯಾರು ಹೇಳಿದರೆಂದು ಅವನೇ ಹಿಂದೆ ತಿರುಗಿ ನೋಡಿದ!

"ನಾ ಕೆಂಚಗ ಅಂತ್ಹೇಳಿ ಹೆಚ್ಚಿಗಿ ರೊಟ್ಟಿ ಬಡೀತೇನಿ," ಎಂದಳು ರಾಜೇಶ್ವರಿ. "ಕೆಂಚ ರೊಟ್ಟಿ ಮುಟ್ಟೂದಽ ಇಲ್ಲ." ಹೇಳಿಬಿಟ್ಟು ತುಟಿ ಕಚ್ಚಿಕೊಂಡಳು.

"ಗೊತ್ತೈತಿ. ದಿನಾ ತಿನ್ನಾಂವ ನಾನಽ ಅಲ್ಲೇನು?"

ನನ್ನ ಕೈಯಲ್ಲಿದ್ದ ಬಾಚಿ ನಿಂತಿತು. ಇಷ್ಟು ವರ್ಷ ನಾನು ಕೆತ್ತಿದ್ದು ಏನನ್ನು? ಮಾತು ಎತ್ತಿನದಲ್ಲ, ನೊಗದ್ದು. ಜೋಡಿಯಾಗಿ ಹೊತ್ತವರು ಯಾರಾದರೂ ಸರಿ, ಅವರ ಒಳಗಿದ್ದದ್ದನ್ನು ಅದು ಹೊರಗೆ ತರುತ್ತದೆ. ನನ್ನ ಕೈಗಳನ್ನು ನೋಡಿಕೊಂಡೆ. ಅವು ಬೇರೆ ಯಾರದೋ ಕೈಗಳೆನಿಸಿ ಹೆದರಿಕೆಯೂ ಆಯಿತು, ಕೈ ಮುಗಿಯಬೇಕೆಂದೂ ಅನಿಸಿತು.

"ಇಳಿಸು," ಎಂದಳು ರಾಜೇಶ್ವರಿ. ನೊಗ ನೆಲಕ್ಕಿಳಿಯಿತು. "ಅದು ನೊಗ ಆಡಿಸಿದ ಮಾತು. ನಿಂದೇನೈತಿ, ಈಗ ಹೇಳು. ಆಯಿತವಾರ ಅವರು ಬರತಾರ."

ಬಸವಲಿಂಗ ಬಗ್ಗಿ ನೊಗಕ್ಕಂಟಿದ ಮಣ್ಣನ್ನು ಉಗುರಿನಿಂದ ಕೆರೆಯತೊಡಗಿದ. ಎತ್ತುಗಳು ಮೆಲುಕು ಹಾಕುವುದನ್ನು ನಿಲ್ಲಿಸಿ ಅವನನ್ನೇ ನೋಡಿದವು. ಇನ್ನೊಂದು ಗಳಿಗೆ ಕಾದಿದ್ದರೆ ನಾನೇ ಅವನ ಕಪಾಳಕ್ಕೆ ಬಾರಿಸುತ್ತಿದ್ದೆನೇನೋ.

"ಹೇಳಾಂವಲ್ಲಂದ್ರ ಬಿಡು, ನನಗ ಬ್ಯಾರೆ ಕೆಲಸ ಅದಾವು," ಎಂದು ಗರಗಸ ತಂದು ನೊಗದ ನಡುವೆ ಇಟ್ಟೆ.

ಗರಗಸ ಎಳೆಯುವ ಮೊದಲೇ ಅವನು ಅದರ ಹಲ್ಲಿನ ಕೆಳಗೆ ಅಂಗೈ ಚಾಚಿದ.

"ಅವರಿಗೆ ಬರಬ್ಯಾಡ್ರಿ ಅಂತ ಹೇಳು," ಎಂದ. "ಆಯಿತವಾರ ನಾ ಬರತೇನಿ."

ರಾಜೇಶ್ವರಿ ಬಗ್ಗಿ ನೊಗದ ಒಂದು ತುದಿ ಎತ್ತಿದಳು. ಅವನು ಇನ್ನೊಂದನ್ನು ಎತ್ತಿದ. ಇಬ್ಬರೂ ಸೇರಿ ಅದನ್ನು ಕೆಂಚ, ಮೈಲ್ಯಾನ ಕೊರಳ ಮೇಲಿಟ್ಟರು.

ಕೆಂಚ ತಲೆ ಕೊಡವಿತು. "ಇನ್ನ ಮ್ಯಾಲರೆ ಆ ರೊಟ್ಟಿ ನನ್ನ ಹೆಸರಲೆ ಬಡೀಬ್ಯಾಡವ್ವಾ."

ಅದಕ್ಕೆ ಮೈಲ್ಯಾ ನಕ್ಕಿತು. ಎತ್ತು ನಗುವುದನ್ನು ನಾನು ಕೇಳಿದ್ದು ಅವತ್ತೇ.